ಸಾರ್ವೆ ಇಲ್ಲ, ವೆಲ್ಡಿಂಗ್ ಇಲ್ಲ: ಸೈಮನ್ ರೋಡಿಯ ವಾಟ್ಸ್ ಗೋಪುರಗಳನ್ನು ಕಟ್ಟಿದ್ದು ಹೇಗೆ?

ಹೊಸಗಾರೆ (ಪ್ರಶ್ನೆ)

ಲಾಸ್ ಏಂಜಲೀಸ್‌ನ ವಾಟ್ಸ್ ಗೋಪುರಗಳ ಬಗ್ಗೆ ಎಲ್ಲಿ ಓದಿದರೂ ಒಂದೇ ಮಾತು: ಇಟಲಿಯಿಂದ ಬಂದ ಕೂಲಿಯವನೊಬ್ಬ ಮೂವತ್ಮೂರು ವರ್ಷ ಒಬ್ಬನೇ ಕಟ್ಟಿದ, ಎಂಥ ಅದ್ಭುತ! ಅದ್ಭುತ ಅನ್ನೋದು ಒಪ್ಪಿದೆ. ಕಟ್ಟಿದ್ದು ಹೇಗೆ ಅಂತ ಮಾತ್ರ ಯಾರೂ ಬಿಡಿಸಿ ಹೇಳಲ್ಲ. ನನಗೆ ಬೇಕಾಗಿರೋದು ಇಷ್ಟು:

ಬೋಲ್ಟ್, ರಿವೆಟ್, ವೆಲ್ಡಿಂಗ್ ಯಾವುದೂ ಇಲ್ಲದೆ ಕಬ್ಬಿಣವನ್ನು ಒಂದಕ್ಕೊಂದು ಸೇರಿಸಿದ್ದು ಹೇಗೆ? ಸಾರ್ವೆ ಕಟ್ಟದೆ 99 ಅಡಿ ಹತ್ತಿದ್ದು ಹೇಗೆ? ನಗರಸಭೆಯವರು ಕೆಡವಲು ಬಂದಾಗ ನಡೆದ ಪರೀಕ್ಷೆಯಲ್ಲಿ ನಿಜವಾಗಿ ಏನಾಯಿತು? ಅಷ್ಟು ಗಟ್ಟಿ ಇದ್ದರೆ ಈಗ ಯಾಕೆ ಸದಾ ಬಿರುಕು, ಸದಾ ರಿಪೇರಿ?

ಕೊನೆಯದಾಗಿ, ಅದೇ ವಿಧಾನದಲ್ಲಿ ತೋಟಕ್ಕೆ ಒಂದು ಆರಡಿಯ ಗೋಪುರ ಮಾಡಬೇಕು ಅಂದರೆ ಗಾರೆಯ ಪ್ರಮಾಣ ಏನಿರಬೇಕು?

---

ಗಾರೆಮಣೆ

ಮೊದಲು ಈ ಸೈಮನ್ ರೋಡಿಯ ಯಾರು ಅಂತ ತಿಳಿದರೆ ಕೆಲಸ ತಾನಾಗಿ ಅರ್ಥವಾಗುತ್ತೆ. ಹುಟ್ಟಿದ್ದು 1879ರಲ್ಲಿ, ದಕ್ಷಿಣ ಇಟಲಿಯ ಕಂಪಾನಿಯಾ ಸೀಮೆಯ ರಿಬೊಟ್ಟೊಲಿ ಅನ್ನೋ ಹಳ್ಳಿಯಲ್ಲಿ. ಹದಿಹರೆಯದಲ್ಲೇ ಅಮೆರಿಕಕ್ಕೆ ಬಂದ. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಸೀಮೆಯಲ್ಲಿದ್ದಾಗ ಅಣ್ಣ ಗಣಿ ಅಪಘಾತದಲ್ಲಿ ಸತ್ತ. ಆಮೇಲೆ ಪಶ್ಚಿಮದ ಕಡೆ ಅಲೆದು, ಕಟ್ಟಡದ ಕೂಲಿ, ಗಾರೆ, ಟೈಲ್ಸ್ ಕೆಲಸ ಮಾಡಿಕೊಂಡು 1921ರಲ್ಲಿ ವಾಟ್ಸ್‌ನ ಪೂರ್ವ 107ನೇ ಬೀದಿಯಲ್ಲಿ, ರೈಲು ಹಳಿಯ ಪಕ್ಕದ ಒಂದು ತ್ರಿಕೋನದ ಸೈಟಿಗೆ ಬಂದು ನೆಲೆಸಿದ. ಆಗ ವಯಸ್ಸು 42. ಹಗಲು ಬೇರೆಯವರ ಕೆಲಸ. ಸಂಜೆ, ರಜೆ ಎಲ್ಲ ತನ್ನ ಗೋಪುರಕ್ಕೆ. ಸಿಮೆಂಟು, ಕಬ್ಬಿಣದ ಖರ್ಚು ಸ್ವಂತ ಕೂಲಿಯಿಂದ.

"ಕಲೆ ಕಲಿಯದವನು ಇಷ್ಟು ಮಾಡಿದನಲ್ಲ" ಅಂತ ಬೆರಗಾಗುವವರು ಒಂದು ಮರೆಯುತ್ತಾರೆ. ಟೈಲ್ಸ್ ಕೂರಿಸುವವನಿಗೆ ಮೂರು ವಿಷಯ ಕೈಗೇ ಗೊತ್ತಿರುತ್ತೆ: ಗಾರೆ ಎಷ್ಟು ಹೊತ್ತು ಮೆತ್ತಗಿರುತ್ತೆ, ಯಾವ ತುಂಡು ಎಷ್ಟು ಒತ್ತಿದರೆ ಹಿಡಿಯುತ್ತೆ, ಒಂದು ಸಲಕ್ಕೆ ಎಷ್ಟು ಕಲಸಿದರೆ ವ್ಯರ್ಥವಾಗಲ್ಲ. ಆ ಗೋಪುರಗಳಲ್ಲಿ ಇರೋದು ಈ ಮೂರೇ, ಸಾವಿರಾರು ಸಲ.

ಈಗ ಜೋಡಣೆ. ಕಂಬಿ, ಕೊಳವೆ, ಆಂಗಲ್, ಟೀ ಆಕಾರದ ಕಬ್ಬಿಣ, ಸಿಕ್ಕಿದ್ದೆಲ್ಲ ಬಳಸಿದ್ದಾನೆ. ಬಗ್ಗಿಸೋಕೆ ಯಂತ್ರ ಇರಲಿಲ್ಲ, ಪಕ್ಕದ ರೈಲು ಹಳಿಯೇ ವೈಸ್. ಕಂಬಿಯ ತುದಿಯನ್ನು ಹಳಿಯ ಅಡಿಗೆ ಸಿಕ್ಕಿಸಿ, ಇನ್ನೊಂದು ತುದಿಗೆ ಮೈಭಾರ ಹಾಕಿ ಎಳೆದರೆ ಬಳೆ ತಯಾರು. (ಬಳೆಗಳು ಯಾವುವೂ ಸರಿಯಾಗಿ ದುಂಡಗಿಲ್ಲದಿರುವುದು ಇದರಿಂದಲೇ.)

ಕೂಡುವ ಕಡೆ ಎರಡು ಕಬ್ಬಿಣ ತುದಿಗೆ ತುದಿ ತಾಗಿಸಿಲ್ಲ, ಒಂದರ ಮೇಲೊಂದು ಹಾಯಿಸಿ ಜೋಡಿ ಮಾಡಿದ್ದಾನೆ. ಅದಕ್ಕೆ ತಂತಿ ಬಿಗಿದು, ಮೇಲೆ ಕೋಳಿಗೂಡಿನ ಜಾಲರಿ ಸುತ್ತಿ, ಅದರ ಮೇಲೆ ಗಾರೆಯನ್ನು ಕೈಯಿಂದ ಒತ್ತಿ ತುಂಬಿದ್ದಾನೆ. ಗಟ್ಟಿಯಾದ ಮೇಲೆ ಆ ಗಾರೆಯೇ ಬೋಲ್ಟ್. ಬಲ ಒಂದು ಕಂಬಿಯಿಂದ ಗಾರೆಗೆ, ಗಾರೆಯಿಂದ ಮತ್ತೊಂದು ಕಂಬಿಗೆ ದಾಟುತ್ತೆ. ಇವತ್ತು ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟು) ಕೆಲಸದಲ್ಲಿ ಬಿಡುವ ಓವರ್‌ಲ್ಯಾಪ್ ಇದೇ ತತ್ವ. ತಂತಿಯ ಕೆಲಸ ಗಾರೆ ಗಟ್ಟಿಯಾಗುವವರೆಗೆ ಕಂಬಿ ಅಲುಗಾಡದಂತೆ ಹಿಡಿಯುವುದು, ಅಷ್ಟೇ. ಜಾಲರಿಯ ಕೆಲಸ ಗಾರೆ ಜಾರದಂತೆ, ಆಮೇಲೆ ಸೀಳದಂತೆ ತಡೆಯುವುದು.

ಹತ್ತಿದ್ದು ಹೇಗೆ ಅನ್ನೋದಕ್ಕೆ ಗೋಪುರವನ್ನೇ ನೋಡಿ. ಸುತ್ತ ಇರುವ ಅಡ್ಡ ಬಳೆಗಳೇ ಏಣಿ. ಒಂದು ಬಳೆ ಕಟ್ಟಿ ಗಾರೆ ಮೆತ್ತಿ, ಅದು ಗಟ್ಟಿಯಾದ ಮೇಲೆ ಅದರ ಮೇಲೆ ನಿಂತು ಮುಂದಿನದು. ಕಿಟಕಿ ಒರೆಸುವವರು ಕಟ್ಟಿಕೊಳ್ಳುವ ಬೆಲ್ಟ್ ಮತ್ತು ಕೊಂಡಿ ಸೊಂಟಕ್ಕೆ, ಗಾರೆ ಬಕೆಟ್ಟಿನಲ್ಲಿ. ಆಳು ಐದಡಿಗೂ ಕಮ್ಮಿ. ಹಾಗಾಗಿ ಬಳೆಗಳ ಅಂತರ ಕಾಗದದ ನಕ್ಷೆಯಿಂದ ಬಂದದ್ದಲ್ಲ, ಅವನ ಕೈ ಎಟುಕಿದಷ್ಟು. ನಕ್ಷೆ ಇರಲೇ ಇಲ್ಲ.

---

ಕಂಬಿಲೆಕ್ಕ

ಪರೀಕ್ಷೆಯ ಬಗ್ಗೆ. ಇದನ್ನು ಸಿನಿಮಾ ಥರ ಹೇಳುವವರೇ ಜಾಸ್ತಿ, ಹಾಗಾಗಿ ಹಿಂದು ಮುಂದು ಸೇರಿಸಿ ಹೇಳ್ತೀನಿ.

ರೋಡಿಯ ಕೆಲಸ ನಿಲ್ಲಿಸಿದ್ದು 1954ರಲ್ಲಿ. 1955ರಲ್ಲಿ ಜಾಗವನ್ನು ನೆರೆಯವನಿಗೆ ಸುಮ್ಮನೆ ಕೊಟ್ಟು, ಉತ್ತರ ಕ್ಯಾಲಿಫೋರ್ನಿಯಾದ ಮಾರ್ಟಿನೆಜ್‌ಗೆ ಹೋಗಿಬಿಟ್ಟ. ಆಮೇಲೆ ಒಳಗಿದ್ದ ಮನೆ ಸುಟ್ಟುಹೋಯಿತು. ನಗರದ ಕಟ್ಟಡ ಇಲಾಖೆ ಇಡೀ ಜಾಗವೇ ಅಪಾಯಕಾರಿ ಅಂತ ಕೆಡವುವ ಆದೇಶ ಹೊರಡಿಸಿತು. 1959ರಲ್ಲಿ ನಿಕೋಲಸ್ ಕಿಂಗ್, ವಿಲಿಯಂ ಕಾರ್ಟ್‌ರೈಟ್ ಅನ್ನೋ ಇಬ್ಬರು ಯುವಕರು 3,000 ಡಾಲರಿಗೆ ಜಾಗ ಕೊಂಡರು. ಉಳಿಸೋಕೆ ಸಮಿತಿ ಆಯಿತು.

ಇಲಾಖೆಯವರನ್ನು ಬರೀ ಖಳರು ಅನ್ನೋದು ಸುಲಭ. ಆದರೆ ಅವರ ಕಣ್ಣಿಂದ ನೋಡಿ: ನಕ್ಷೆ ಇಲ್ಲ, ಲೆಕ್ಕ ಇಲ್ಲ, ಒಳಗೆ ಯಾವ ಕಬ್ಬಿಣ ಎಷ್ಟಿದೆ ಅಂತ ಗೊತ್ತಿಲ್ಲ, ಭೂಕಂಪದ ಊರು, 99 ಅಡಿ ಎತ್ತರ, ಅಡಿಪಾಯ ನೆಲದೊಳಗೆ ಎರಡು ಅಡಿಯೂ ಇಲ್ಲ. ಕಾಗದದ ಮೇಲೆ ಯಾವ ಎಂಜಿನಿಯರೂ ಸಹಿ ಹಾಕಲ್ಲ. ಹಾಗಾಗಿ ಬಡ್ ಗೋಲ್ಡ್‌ಸ್ಟೋನ್ ಅನ್ನೋ ವಿಮಾನ ಉದ್ಯಮದ ಎಂಜಿನಿಯರ್, ಲೆಕ್ಕದಿಂದ ಸಾಬೀತು ಮಾಡೋಕೆ ಆಗದಿದ್ದರೆ ಎಳೆದೇ ನೋಡೋಣ ಅಂದರು. ವಿಮಾನದ ರೆಕ್ಕೆಗಳನ್ನೂ ಹೀಗೆ ಭಾರ ಹಾಕಿಯೇ ಪರೀಕ್ಷಿಸೋದು, ಆ ಉದ್ಯಮದವರಿಗೆ ಇದು ಹೊಸದಲ್ಲ.

1959ರ ಅಕ್ಟೋಬರ್ 10. ಅಡ್ಡಲಾಗಿ ಎಳೆಯುವ ಬಲ 10,000 ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಟನ್. ಉದ್ದೇಶ ಜೋರು ಗಾಳಿಯ ಒತ್ತಡವನ್ನು ಅನುಕರಿಸೋದು. ಗೋಪುರ ಜಗ್ಗಲಿಲ್ಲ. ಎಳೆಯುತ್ತಿದ್ದ ಉಪಕರಣವೇ ಸೋತು, ಪರೀಕ್ಷೆ ಅಲ್ಲಿಗೆ ನಿಂತಿತು. ಕೆಡವುವ ಆದೇಶ ಹೋಯಿತು.

ಗೋಪುರ ಬೀಳದೆ ನಿಂತದ್ದು ಯಾಕೆ? ಎರಡು ಕಾರಣ. ಒಂದು, ಗೋಪುರದಲ್ಲಿ ಗೋಡೆಯೇ ಇಲ್ಲ, ಪೂರಾ ಜಾಲರಿ. ಗಾಳಿ ತೂರಿಕೊಂಡು ಹೋಗುತ್ತೆ, ಹಿಡಿಯೋಕೆ ಮೈಯೇ ಇಲ್ಲ. ಇನ್ನೊಂದು, ಕಾಲುಗಳು ಬುಡದಲ್ಲಿ ಅಗಲಕ್ಕೆ ಹರಡಿ ಮೇಲೆ ಕೂಡುತ್ತವೆ, ನಡುವೆ ಸಾಲುಸಾಲು ಬಳೆ, ಬಳೆಗೂ ನಡುಗಂಬಕ್ಕೂ ಅಡ್ಡಕಡ್ಡಿ. ಎಲ್ಲೋ ಒಂದು ಕಡೆ ಗಾರೆ ಸೀಳಿದರೂ ಭಾರ ಬೇರೆ ದಾರಿ ಹಿಡಿಯುತ್ತೆ. ಆಳವಿಲ್ಲದ ಅಡಿಪಾಯ ನಡೆದದ್ದೂ ಈ ಅಗಲದಿಂದಲೇ. ಜೊತೆಗೆ ಸೈಟಿನ ಕಟ್ಟೋಣಗಳಲ್ಲಿ ಎಷ್ಟೋ ಒಂದಕ್ಕೊಂದು ಕಮಾನು, ಕಡ್ಡಿಗಳಿಂದ ಹೆಣೆದುಕೊಂಡಿವೆ.

1994ರ ನಾರ್ತ್‌ರಿಡ್ಜ್ ಭೂಕಂಪದಲ್ಲೂ ಗೋಪುರ ಬೀಳಲಿಲ್ಲ. ಆದರೆ ಏಟು ಬಿತ್ತು, ವರ್ಷಗಟ್ಟಲೆ ದುರಸ್ತಿ ಬೇಕಾಯಿತು. "ಬೀಳಲ್ಲ" ಅನ್ನೋದೇ ಬೇರೆ, "ಏನೂ ಆಗಲ್ಲ" ಅನ್ನೋದೇ ಬೇರೆ. 10,000 ಪೌಂಡಿನ ಪರೀಕ್ಷೆ ಉತ್ತರ ಕೊಟ್ಟಿದ್ದು ಮೊದಲನೆಯದಕ್ಕೆ ಮಾತ್ರ.

---

ಹಳೇಕಡತ

ಹೆಸರಿನ ಬಗ್ಗೆ ಒಂದು ಮಾತು, ಹುಡುಕುವವರಿಗೆ ಅನುಕೂಲ. ಹುಟ್ಟು ಹೆಸರು ಸಬಾಟೊ. ಸೈಮನ್, ಸ್ಯಾಮ್ ಎರಡೂ ನಡೆಯುತ್ತಿತ್ತು. ಹಳೆಯ ಬರಹಗಳಲ್ಲಿ ರೋಡಿಲ ಅಂತಲೂ ಅಚ್ಚಾಗಿದೆ, ಅದೂ ಇದೇ ಆಸಾಮಿ. ಅವನು ಜಾಗಕ್ಕೆ ಇಟ್ಟ ಹೆಸರು "ನುಯೆಸ್ಟ್ರೊ ಪುಯೆಬ್ಲೊ". ಇದು ಇಟಾಲಿಯನ್ ಅಲ್ಲ, ಸ್ಪ್ಯಾನಿಷ್. ನಮ್ಮ ಊರು, ನಮ್ಮ ಜನ ಎಂಬ ಎರಡೂ ಅರ್ಥ ಬರುತ್ತೆ. ಇದನ್ನೂ, ತನ್ನ ಹೆಸರಿನ ಮೊದಲಕ್ಷರಗಳನ್ನೂ, 1921 ಅಂತಲೂ ಹಸಿ ಗಾರೆಯಲ್ಲೇ ಬರೆದಿದ್ದಾನೆ.

ಹೋಲಿಕೆಗೆ ಎಲ್ಲರೂ ಸ್ಪೇನಿನ ವಾಸ್ತುಶಿಲ್ಪಿ ಗೌಡಿಯ ಹೆಸರು ಎತ್ತುತ್ತಾರೆ. ನನಗೆ ಅದಕ್ಕಿಂತ ಹತ್ತಿರ ಕಾಣುವುದು ನೇಪಲ್ಸ್ ಬಳಿಯ ನೋಲಾದ ಜಾತ್ರೆ. ಅಲ್ಲಿ ಮರ ಮತ್ತು ಕಾಗದದ ರಟ್ಟಿನ ಎತ್ತರದ ಗೋಪುರಗಳನ್ನು ಆಳುಗಳು ಹೆಗಲ ಮೇಲೆ ಹೊತ್ತು ಕುಣಿಸುತ್ತಾರೆ, ಜೊತೆಗೊಂದು ದೋಣಿಯೂ ಬರುತ್ತೆ. ರೋಡಿಯನ ಹಳ್ಳಿ ಅದೇ ಸೀಮೆ. ಅವನ ಸೈಟಿನಲ್ಲೂ ಗೋಪುರಗಳ ಜೊತೆ ಒಂದು ಹಡಗಿದೆ, ಮಾರ್ಕೊ ಪೋಲೋನ ಹಡಗು ಅಂತಲೇ ಅದಕ್ಕೆ ಹೆಸರು. ಒಟ್ಟು ಕಟ್ಟೋಣಗಳು ಹದಿನೇಳು, ಬರೀ ಮೂರು ಗೋಪುರ ಅಲ್ಲ.

---

ಹೊಸಗಾರೆ

ಬಳೆಯೇ ಏಣಿ ಅನ್ನೋದು ಹೊಳೆದೇ ಇರಲಿಲ್ಲ, ಈಗ ಚಿತ್ರ ನೋಡಿದರೆ ಅದೇ ಕಾಣ್ತಿದೆ. ಬಿರುಕಿನ ಬಗ್ಗೆ, ಆರಡಿಯ ಪ್ರಮಾಣದ ಬಗ್ಗೆ ಬಲ್ಲವರು ಹೇಳಿ. ಗೋಪುರದ ಮೈಮೇಲೆ ಕಾಣುವ ಟೈಲ್ಸ್, ಗಾಜಿನ ಚೂರುಗಳನ್ನು ಗಾರೆಗೆ ಒತ್ತುವ ವಿಚಾರವೂ.

---

ತುಕ್ಕುಬೇಟೆ

ಬಿರುಕು ಬಿಡಿಸುವ ಶತ್ರುಗಳು ಇಬ್ಬರು: ಬಿಸಿಲು, ತುಕ್ಕು. ಅವನು ಕಟ್ಟಿದ ವಿಧಾನವೇ ಇಬ್ಬರಿಗೂ ಬಾಗಿಲು ತೆರೆದಿಟ್ಟಿದೆ.

ಬಿಸಿಲು: ಕಬ್ಬಿಣ, ಸಿಮೆಂಟು ಎರಡೂ ಕಾವಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ, ಮೀಟರಿಗೆ ಪ್ರತಿ ಡಿಗ್ರಿಗೆ 0.01 ಮಿಲಿಮೀಟರಿನ ಆಸುಪಾಸು. 30 ಮೀಟರ್ ಎತ್ತರ, ದಿನದಲ್ಲಿ 15 ಡಿಗ್ರಿ ಏರಿಳಿತ ಅಂದರೆ ಸುಮಾರು 5 ಮಿಲಿಮೀಟರ್ ಉದ್ದ ಬದಲಾಗುತ್ತೆ. ಕೇಳೋಕೆ ಚಿಕ್ಕದು. ಆದರೆ ಬಿಸಿಲು ಬೀಳುವ ಮಗ್ಗುಲಿನ ಕಾಲು ಹಿಗ್ಗಿ, ನೆರಳಿನ ಕಾಲು ಹಾಗೇ ಇದ್ದರೆ ಗೋಪುರ ಸೂರ್ಯನಿಗೆ ಬೆನ್ನು ಮಾಡಿ ಬಾಗುತ್ತೆ, ಸಂಜೆ ವಾಪಸ್. ವರ್ಷಕ್ಕೆ 365 ಸಲ. ಬಿರುಕು ಬೆಳಗ್ಗೆ ಒಂದು ಅಳತೆ, ಮಧ್ಯಾಹ್ನ ಒಂದು ಅಳತೆ. ಮೇಲೆ ಅಂಟಿಸಿದ ಪಿಂಗಾಣಿ ಗಾರೆಯಷ್ಟು ಹಿಗ್ಗಲ್ಲ, ಹಾಗಾಗಿ ಅದರ ಅಂಚೇ ಮೊದಲು ಬಿಟ್ಟುಕೊಳ್ಳೋದು.

ತುಕ್ಕು: ಹೊಸ ಗಾರೆ ಕ್ಷಾರ, ಅದರೊಳಗೆ ಕಬ್ಬಿಣ ಸುರಕ್ಷಿತ. ಕಾಲಕ್ರಮೇಣ ಗಾಳಿಯ ಇಂಗಾಲದ ಡೈಆಕ್ಸೈಡ್ ಮೇಲಿಂದ ಒಳಕ್ಕೆ ಇಳಿದು ಆ ಕ್ಷಾರಗುಣ ಕಳೆಯುತ್ತೆ. ಗಾರೆ ತೆಳುವಾಗಿದ್ದಷ್ಟೂ ಬೇಗ. ರೋಡಿಯ ಅಚ್ಚು ಹಾಕದೆ ಕೈಯಿಂದ ಮೆತ್ತಿದ್ದರಿಂದ ಎಲ್ಲ ಕಡೆ ಒಂದೇ ದಪ್ಪ ಇರೋಕೆ ಸಾಧ್ಯವಿಲ್ಲ, ಕಂಬಿಯ ಹಿಂಬದಿಯಲ್ಲಿ ಕೈ ಹೋಗದ ಕಡೆ ಪೊಳ್ಳೂ ಉಳಿಯುತ್ತೆ. ಪೊಳ್ಳಲ್ಲಿ ನೀರು ನಿಲ್ಲುತ್ತೆ. ತುಕ್ಕು ಹಿಡಿದ ಕಬ್ಬಿಣ ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತೆ, ಒಳಗಿಂದ ಗಾರೆಯನ್ನು ಸಿಡಿಸುತ್ತೆ. ಹೊರಗೆ ಕಾಣೋದು ಕಂಬಿಯ ಉದ್ದಕ್ಕೇ ಸಾಗುವ ನೇರ ಬಿರುಕು. ಅಡ್ಡ ಬಿರುಕು ಕಂಡರೆ ಸಾಮಾನ್ಯವಾಗಿ ಅಲುಗಾಟದ್ದು, ಉದ್ದ ಬಿರುಕು ಕಂಡರೆ ತುಕ್ಕಿನದ್ದು. ಬೆರಳ ಗಿಣ್ಣಿನಿಂದ ತಟ್ಟಿ ನೋಡಿ, "ಟಣ್" ಅಂದರೆ ಗಟ್ಟಿ, "ಡೊಬ್" ಅಂದರೆ ಒಳಗೆ ಬಿಟ್ಟಿದೆ.

ರಿಪೇರಿ ಮುಗಿಯದಿರುವುದು ಈ ಎರಡೂ ಒಟ್ಟಿಗೆ ಇರುವುದರಿಂದ. ಅಲುಗಾಡುವ ಬಿರುಕಿಗೆ ಗಟ್ಟಿ ಸಿಮೆಂಟು ತುಂಬಿದರೆ ಅದು ಆ ಕ್ಷಣಕ್ಕೆ ಮುಚ್ಚುತ್ತೆ, ಮುಂದಿನ ಬೇಸಿಗೆಗೆ ಅದರ ಪಕ್ಕದಲ್ಲೇ ಹೊಸದು ಬೀಳುತ್ತೆ. ದಶಕಗಟ್ಟಲೆ ನಡೆದದ್ದು ಬಹುಪಾಲು ಇದೇ. 2011ರಿಂದ ಲಾಸ್ ಏಂಜಲೀಸ್ ಕೌಂಟಿ ಕಲಾ ಸಂಗ್ರಹಾಲಯದವರು ಕೈ ಹಾಕಿದ ಮೇಲೆ ಮೊದಲು ಮಾಡಿದ್ದು ಅಳತೆ: ಉಪಕರಣ ಕೂರಿಸಿ ಗೋಪುರ ಎಷ್ಟು ಅಲುಗುತ್ತೆ, ಬಿರುಕು ಎಷ್ಟು ತೆರೆದು ಮುಚ್ಚುತ್ತೆ ಅಂತ ನೋಡಿದರು. ಅಲುಗುವ ಬಿರುಕಿಗೆ ಹಿಗ್ಗಿ ಕುಗ್ಗುವ ವಸ್ತು ಬೇಕು ಅನ್ನೋದು ಅಲ್ಲಿಂದ ಬಂದ ಪಾಠ. ನೀರು ಒಳಗೆ ಹೋಗದಿದ್ದರೆ ಸಾಕು, ಬಿರುಕು ಇರಲಿ ಬಿಡಿ.

---

ಗಾರೆಮಣೆ

ಮೇಲಿನದಕ್ಕೆ ಒಂದು ಸೇರಿಸ್ತೀನಿ. ಪೊಳ್ಳು ಉಳಿದದ್ದು ರೋಡಿಯನ ಅಜ್ಞಾನ ಅಲ್ಲ. ಬೆಲ್ಟಿನಲ್ಲಿ ನೇತಾಡುತ್ತ, ಒಂದು ಕೈಲಿ ಬಕೆಟ್ಟು, ಇನ್ನೊಂದು ಕೈಲಿ ಗಾರೆ ಒತ್ತುವವನಿಗೆ ಕಂಬಿಯ ಆಚೆ ಬದಿ ಕಣ್ಣಿಗೆ ಬೀಳಲ್ಲ. ನಿಮ್ಮದು ಆರಡಿಯದು, ನೆಲದ ಮೇಲೆ ನಿಂತು ಮಾಡ್ತೀರಿ, ಆ ನೆಪ ನಿಮಗಿಲ್ಲ.

ಈಗ ಪ್ರಮಾಣ. ಬುಡದಲ್ಲಿ ಎರಡಡಿ, ತುದಿಯಲ್ಲಿ ಒಂದಡಿ ಅಗಲ, ನಾಲ್ಕು ಕಾಲು, ಎಂಟು ಬಳೆ ಅಂತ ಇಟ್ಟುಕೊಳ್ಳಿ.

ಕಾಲಿಗೆ 8 ಮಿಮೀ ಕಂಬಿ, ಬಳೆಗೆ 6 ಮಿಮೀ. ಕಾಲುಗಳನ್ನು ಒಂದಡಿ ಆಳದ ಕಾಂಕ್ರೀಟಿನೊಳಗೆ ಇಳಿಸಿ, ಅಡಿಯಲ್ಲಿ ಕಂಬಿ ಎಲ್ ಆಕಾರಕ್ಕೆ ಬಗ್ಗಿರಲಿ. ಕಂಬಿ ಕೂಡಿಸುವ ಕಡೆ ಒಂದರ ಮೇಲೊಂದು ಹಾಯುವ ಉದ್ದ ಕಂಬಿಯ ದಪ್ಪದ 40 ಪಟ್ಟು: 8 ಮಿಮೀ ಕಂಬಿಗೆ 32 ಸೆಂಟಿಮೀಟರ್. ನಾಲ್ಕು ಬೆರಳಷ್ಟು ಹಾಯಿಸಿ ತಂತಿ ಬಿಗಿದರೆ ಸಾಲದು, ಗಾರೆ ಹಿಡಿಯೋಕೆ ಉದ್ದ ಬೇಕು. ಬೈಂಡಿಂಗ್ ವೈರ್ ಬಿಗಿದ ಮೇಲೆ ಅದರ ಬಾಲವನ್ನು ಒಳಕ್ಕೆ ಮಡಚಿ. ಹೊರಗೆ ಚಾಚಿದ ಬಾಲದ ತುದಿಯಿಂದಲೇ ಮೊದಲ ತುಕ್ಕಿನ ಕಲೆ ಬರೋದು.

ಮೇಲೆ ಅರ್ಧ ಇಂಚು ಕಣ್ಣಿನ ಜಾಲರಿ ಎರಡು ಸುತ್ತು. ಸಡಿಲ ಸುತ್ತಿದರೆ ಗಾರೆ ಒತ್ತಿದಾಗ ಹಿಂದಕ್ಕೆ ಸರಿಯುತ್ತೆ, ಬೆರಳು ತೆಗೆದಾಗ ಮುಂದಕ್ಕೆ ಬಂದು ಗಾರೆಯನ್ನು ಉದುರಿಸುತ್ತೆ.

ಗಾರೆ: ತೂಕದಲ್ಲಿ ಸಿಮೆಂಟು 1, ಮರಳು 2, ನೀರು 0.4. ಒಂದು ಸಲಕ್ಕೆ 5 ಕೆಜಿ ಸಿಮೆಂಟು, 10 ಕೆಜಿ ಮರಳು, 2 ಲೀಟರ್ ನೀರು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ನಿಲ್ಲಬೇಕು, ಅಂಗೈ ಮಾತ್ರ ಒದ್ದೆಯಾಗಬೇಕು. ಮುಕ್ಕಾಲು ಗಂಟೆಯೊಳಗೆ ಮುಗಿಸಿ. ಬಿಗಿಯತೊಡಗಿದ ಗಾರೆಗೆ ನೀರು ಹಾಕಿ ಮತ್ತೆ ಕಲಸುವುದು ಎಲ್ಲರೂ ಮಾಡುವ ತಪ್ಪು. ಮೆತ್ತಗೇನೋ ಆಗುತ್ತೆ, ಶಕ್ತಿ ಹೋಗಿರುತ್ತೆ. ಕಂಬಿಯ ಸುತ್ತ ಕನಿಷ್ಠ 20 ಮಿಮೀ ಕವರ್ (ಕಂಬಿಯನ್ನು ಮುಚ್ಚುವ ಗಾರೆಯ ದಪ್ಪ) ಬೇಕು ಅಂದರೆ ಪ್ರತಿ ಕಡ್ಡಿ ಸುಮಾರು ಎರಡಿಂಚು ದಪ್ಪ ಬರುತ್ತೆ. ಆ ಲೆಕ್ಕಕ್ಕೆ ಇಡೀ ಗೋಪುರಕ್ಕೆ ಅಡಿಪಾಯ ಬಿಟ್ಟು 30 ಕೆಜಿ ಸಿಮೆಂಟು, 60 ಕೆಜಿ ಮರಳು. ಆರು ಸಲ ಕಲಸಬೇಕು. ಸಮುದ್ರದ ಮರಳು ಬೇಡವೇ ಬೇಡ, ಅದರ ಉಪ್ಪು ಕಂಬಿಯನ್ನು ತಿನ್ನುತ್ತೆ.

ಎರಡು ಕೈಗಳಿಂದ, ಎದುರುಬದುರು ಒತ್ತಿ. ಒಂದೇ ಬದಿಯಿಂದ ಮೆತ್ತಿದರೆ ಮೇಲೆ ಹೇಳಿದ ಪೊಳ್ಳು ಖಾತ್ರಿ. ನಿನ್ನೆಯ ಗಾರೆಗೆ ಇವತ್ತಿನದು ಸೇರಿಸುವಾಗ ಹಳೆಯದರ ಮೈ ಕೆರೆದು, ಒದ್ದೆ ಮಾಡಿ, ಸಿಮೆಂಟು ಹಾಲು ಬಳಿದು ಮುಂದುವರಿಸಿ.

ಚೂರು ಒತ್ತುವುದು. ಮಣ್ಣಿನ ಟೈಲ್ಸ್ ಚೂರನ್ನು ನೀರಲ್ಲಿ ನೆನೆಸಿ, ಇಲ್ಲವಾದರೆ ಗಾರೆಯ ನೀರನ್ನು ಅದೇ ಕುಡಿದು ಬಿಡುತ್ತೆ. ಹಿಂಬದಿಗೆ ತೆಳುವಾಗಿ ಗಾರೆ ಬಳಿದು, ತಿರುಚುತ್ತ ಒತ್ತಿ. ದಪ್ಪದ ಅರ್ಧಕ್ಕಿಂತ ಹೆಚ್ಚು ಒಳಗೆ ಇಳಿದು ಸುತ್ತ ಗಾರೆ ಏಳಬೇಕು, ಆ ಎದ್ದ ಅಂಚೇ ಹಿಡಿತ. ಗೋಲ ಮೈಗೆ 3ರಿಂದ 5 ಸೆಂಟಿಮೀಟರ್ ತುಂಡು ಸಾಕು, ದೊಡ್ಡದಾದರೆ ಮೂಲೆ ಎದ್ದು ನಿಲ್ಲುತ್ತೆ. ಗಾಜು ನುಣುಪು, ಗಾರೆಗೆ ಅಂಟುವುದಿಲ್ಲ. ಅಂಚಿನ ಮೇಲೆ ಗಾರೆ ಹೊದಿಸಿ ಚೌಕಟ್ಟಿನ ಹಾಗೆ ಹಿಡಿಸಬೇಕು. ರೋಡಿಯನ ಹಸಿರು ಸೆವೆನ್ ಅಪ್ ಬಾಟಲಿ, ನೀಲಿ ಮಿಲ್ಕ್ ಆಫ್ ಮೆಗ್ನೀಷಿಯಾ ಬಾಟಲಿಗಳು ನಿಂತಿರುವುದನ್ನು ಹತ್ತಿರದಿಂದ ನೋಡಿ, ತಳಭಾಗ ಹೊರಗೆ, ಸುತ್ತ ಗಾರೆಯ ತುಟಿ. ಚಿಪ್ಪುಗಳನ್ನು ಸಿಹಿನೀರಲ್ಲಿ ತೊಳೆದು ಒಣಗಿಸಿ.

ಚೂರಿಲ್ಲದ ಕಡೆ ಖಾಲಿ ಬಿಡಬೇಕಿಲ್ಲ. ಅವನು ಗೋಡೆಗಳ ಹಸಿ ಗಾರೆಗೆ ಸುತ್ತಿಗೆ, ಇಕ್ಕಳ, ನಲ್ಲಿಯ ಹಿಡಿ, ಜೋಳದ ತೆನೆ ಒತ್ತಿ ಎತ್ತಿದ್ದಾನೆ. ಅಚ್ಚಿಗೆ ಒಳ್ಳೆಯ ಹೊತ್ತು ಗಾರೆ ಬೆರಳಿಗೆ ಅಂಟದೆ, ಒತ್ತಿದರೆ ಗುರುತು ಮಾತ್ರ ಬೀಳುವ ಹದ. ಅದಕ್ಕೂ ಮುಂಚೆ ಒತ್ತಿದರೆ ಎತ್ತುವಾಗ ಗಾರೆಯೂ ಕಿತ್ತು ಬರುತ್ತೆ. ಉಪಕರಣಕ್ಕೆ ಸ್ವಲ್ಪ ಎಣ್ಣೆ ಸವರಿಕೊಳ್ಳಿ.

ಕ್ಯೂರಿಂಗ್ ಏಳು ದಿನ ಕನಿಷ್ಠ, ಹದಿನಾಲ್ಕಾದರೆ ಉತ್ತಮ. ಒದ್ದೆ ಬಟ್ಟೆ ಸುತ್ತಿ ಮೇಲೆ ಪ್ಲಾಸ್ಟಿಕ್. ಇಂಥ ತೆಳು ಕಡ್ಡಿಗೆ ನಾಲ್ಕೂ ಕಡೆಯಿಂದ ಗಾಳಿ, ಬಿಸಿಲಿಗೆ ಬಿಟ್ಟರೆ ಒಂದೇ ಮಧ್ಯಾಹ್ನದಲ್ಲಿ ಒಣಗಿ ಕೂದಲೆಳೆ ಬಿರುಕು ಬಿಡುತ್ತೆ.

---

ಹೊಸಗಾರೆ

ಕನ್ನಡಿ ಚೂರು ಹಾಕಬಹುದಾ?

---

ತುಕ್ಕುಬೇಟೆ

ಹಾಗೇ ಹಾಕಿದರೆ ಹಿಂಬದಿಯ ಲೇಪ ಗಾರೆಯ ಕ್ಷಾರಕ್ಕೆ ಕೆಟ್ಟು, ಅಂಚಿನಿಂದ ಒಳಕ್ಕೆ ಕಪ್ಪಾಗುತ್ತ ಬರುತ್ತೆ. ಹಿಂಬದಿಗೂ ಕತ್ತರಿಸಿದ ಅಂಚಿಗೂ ಎಪಾಕ್ಸಿ ಬಳಿಯಿರಿ, ಅದು ಹಸಿ ಇರುವಾಗಲೇ ಒಣ ಮರಳು ಉದುರಿಸಿ, ಪೂರಾ ಒಣಗಿದ ಮೇಲೆ ಗಾರೆಗೆ ಒತ್ತಿ. ಮರಳು ಹಿಡಿತಕ್ಕೆ, ಎಪಾಕ್ಸಿ ಕ್ಷಾರ ತಡೆಯೋಕೆ. ಅಂಚಿಗೆ ಬಳಿಯದೆ ಬಿಟ್ಟರೆ ಉಳಿದದ್ದೆಲ್ಲ ದಂಡ, ಕಪ್ಪು ಶುರುವಾಗೋದೇ ಅಲ್ಲಿಂದ.